ಆರೈಕೆ ಮಾಡುವವರ ಆರೈಕೆ

(ಸಂಘದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಪಂಪ, ಕುಮಾರವ್ಯಾಸರನ್ನು ಕುರಿತು ವಿದ್ವಾಂಸರು ಮಾಡಿದ ಭಾಷಣಗಳನ್ನು ನೀವು ಕೇಳಿದ್ದೀರಿ. ನಾನು ವಿದ್ವಾಂಸನಲ್ಲ, ವೈದ್ಯನೂ ಅಲ್ಲ, ಚಿತ್ರಕಾರನಂತೂ ಅಲ್ಲವೇ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವವನು. ಕಾರ್ಯದರ್ಶಿಗಳು ಒತ್ತಾಯ ಮಾಡಿದಾಗ ನಾನು ಒಪ್ಪಿಕೊಂಡುದು, ನಮ್ಮ ಮನೆಯಲ್ಲಿಯೂ ನಿಮ್ಮಲ್ಲಿ ಹಲವರ ಮನೆಯಲ್ಲಿಯೂ ದಿನವೂ ನಡೆಯುವ, ಆದರೆ ಸಭೆಯಲ್ಲಿ ಯಾರೂ ಎತ್ತದ ಒಂದು ವಿಷಯವನ್ನು ನಿಮ್ಮ ಮುಂದಿಡಬೇಕೆಂಬ ಆಸೆಯಿಂದ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ, ಅವರ ಆರೈಕೆ ಮಾಡುವವರನ್ನು ಆರೈಕೆ ಮಾಡುವವರು ಯಾರು? ಇದೇ ನನ್ನ ಇಂದಿನ ವಿಷಯ. ಈ ಆರೈಕೆಗೆ ಚಿತ್ರಕಲೆ, ಕೈಕಸಬುಗಳಿಂದ ಯಾವ ಸಹಾಯವಾದೀತು ಎಂಬುದನ್ನೂ ಅದರ ಜೊತೆಗೆ ಹೇಳುತ್ತೇನೆ.

ಮೊದಲು ಲೆಕ್ಕ ನೋಡೋಣ. ಅದು ನನ್ನ ಉದ್ಯೋಗ. ಭಾರತ ಸರ್ಕಾರ 2019ರಲ್ಲಿ ದೇಶದ ಜನ ತಮ್ಮ ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿತು. ಸಂಬಳವಿಲ್ಲದೆ ಮನೆಯವರ ಪಾಲನೆ ಮಾಡುವ ಕೆಲಸದಲ್ಲಿ ನೂರಕ್ಕೆ 27.6 ಹೆಂಗಸರು ತೊಡಗಿದ್ದರು. ಗಂಡಸರು ನೂರಕ್ಕೆ 14. ಹಾಗೆ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷಗಳನ್ನೂ ಗಂಡಸರು 76 ನಿಮಿಷಗಳನ್ನೂ ಅದಕ್ಕಾಗಿ ಕೊಡುತ್ತಿದ್ದರು. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ. ಇನ್ನೊಂದು ಅಂಕಿಯನ್ನು ಕೇಳಿ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಎಂಬ ಮರೆವಿನ ರೋಗವಿದೆ. ಇವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳುವವರು ಹೆಂಡತಿ, ಸೊಸೆ, ಮಗಳು. ಕೆಲವು ಮನೆಗಳಲ್ಲಿ ಮುದುಕನಾದ ಗಂಡ. ರೋಗಿಯ ಹೆಸರು ಆಸ್ಪತ್ರೆಯ ಕಾಗದದಲ್ಲಿರುತ್ತದೆ. ನೋಡಿಕೊಳ್ಳುವವರ ಹೆಸರು ಯಾವ ಕಾಗದದಲ್ಲಿಯೂ ಇರುವುದಿಲ್ಲ.

ಈ ಭಾರವನ್ನು ಅಳೆಯುವುದಕ್ಕೂ ಒಂದು ಅಳತೆಗೋಲುಂಟು. ಅಮೆರಿಕೆಯ ಸ್ಟೀವನ್ ಜಾರಿಟ್ ಎಂಬವರು ತಮ್ಮ ಸಂಗಡಿಗರೊಡನೆ 1980ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಈಗ ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ ಅದಕ್ಕೆ 22 ಪ್ರಶ್ನೆಗಳು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 88. ನಿಮಗಾಗಿ ವೇಳೆ ಉಳಿಯುತ್ತಿಲ್ಲವೆಂದು ಅನಿಸುತ್ತದೆಯೆ, ರೋಗಿಯ ಮೇಲೆ ಸಿಟ್ಟು ಬರುತ್ತದೆಯೆ, ನಿಮ್ಮ ಆರೋಗ್ಯ ಕೆಡುತ್ತಿದೆಯೆ — ಇಂಥ ಪ್ರಶ್ನೆಗಳು. ಇವುಗಳನ್ನು ಓದಿದಾಗ ನನಗೆ ಹೊಳೆದುದು ಒಂದೇ: ನಮ್ಮ ಮನೆಗಳಲ್ಲಿ ಈ ಪ್ರಶ್ನೆಗಳನ್ನು ಯಾರೂ ಯಾರಿಗೂ ಕೇಳುವುದಿಲ್ಲ. ಕೇಳಿದರೂ ಉತ್ತರ ಬರುವುದಿಲ್ಲ. ಗಂಡನ ಸೇವೆ, ಅತ್ತೆಯ ಸೇವೆ ಎಂಬುದು ಧರ್ಮವೆಂದು ನಾವು ತಿಳಿದಿದ್ದೇವೆ. ಧರ್ಮವನ್ನು ಮಾಡುತ್ತ ದಣಿವಾಯಿತೆನ್ನುವುದು ಪಾಪವೆಂದು ಆಕೆಯೂ ತಿಳಿದಿರುತ್ತಾಳೆ. ನೋಡಲು ಬಂದ ನೆಂಟರು ಹೊಗಳಿ ಹೋಗುತ್ತಾರೆ. ಹೊಗಳಿದ ಮೇಲಂತೂ ಆಕೆ ಬಾಯಿ ತೆರೆಯುವ ಹಾಗೆಯೇ ಇಲ್ಲ.

ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಹೇಳಲು ನಮ್ಮ ಅವ್ವನ ಒಪ್ಪಿಗೆ ಪಡೆದಿದ್ದೇನೆ. 2021ರಲ್ಲಿ ನಮ್ಮ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಮುಂಬಯಿಯ ಎರಡು ಖೋಲಿಯ ಮನೆ. ಹೊರಗಿನ ಖೋಲಿಯಲ್ಲಿ ಅಪ್ಪನ ಮಂಚ; ಒಳಗೆ ಅಡುಗೆ, ಮಕ್ಕಳ ಓದು, ನಮ್ಮೆಲ್ಲರ ನಿದ್ರೆ. ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸಬೇಕೆಂದು ಡಾಕ್ಟರರು ಹೇಳಿದರು. ಹಗಲು ಸರಿಯೆ, ರಾತ್ರಿಯೂ ಅವ್ವನೇ ಏಳುತ್ತಿದ್ದಳು. ನಾವು ಎದ್ದರೆ, “ನಾಳೆ ನಿಮಗ ಆಫೀಸದ, ಮಲಕೋರಿ” ಎನ್ನುತ್ತಿದ್ದಳು.

ನಮ್ಮ ಅವ್ವ ಧಾರವಾಡದ ಕಡೆಯವಳು. ಕಸೂತಿಯಲ್ಲಿ ಆಕೆಯ ಕೈ ಬಲ್ಲವರು ಈ ಸಭೆಯಲ್ಲಿಯೂ ಇದ್ದಾರೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತುಳಸಿ ಕಟ್ಟೆ, ಆನೆ, ನವಿಲುಗಳನ್ನು ಸೀರೆಯ ಮೇಲೆ ಎಬ್ಬಿಸುವುದನ್ನು ತನ್ನ ತಾಯಿಯಿಂದ ಕಲಿತವಳು. ಅಪ್ಪ ಬಿದ್ದ ಮೇಲೆ ಸೂಜಿ ಮುಟ್ಟಲಿಲ್ಲ. ಕಾರಣ ನಿಮಗೆ ಗೊತ್ತಿರಬಹುದು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕಬೇಕು. ಹೊರಗಿನ ಖೋಲಿಯಿಂದ ಒಮ್ಮೆ “ಊಂ” ಎಂಬ ಸದ್ದು ಬಂದರೆ ಎಣಿಕೆ ತಪ್ಪಿತು. ಮನೆಯಲ್ಲಿ ರೋಗಿಯಿದ್ದಾಗ ಬಿಡುವು ಸಿಗುವುದೇ ಇಲ್ಲವೆಂದಲ್ಲ. ಐದು ನಿಮಿಷ, ಹತ್ತು ನಿಮಿಷ ಸಿಗುತ್ತದೆ. ತುಂಡಾಗದ ಬಿಡುವು ಸಿಗುವುದಿಲ್ಲ.

ಊರಿನಿಂದ ಬಂದವರು, “ಭಾಳ ಛಲೋ ನೋಡಿಕೊಳ್ಳಲಿಕ್ಕತ್ತೀರಿ ವೈನಿ, ಪುಣ್ಯಾ ಕಟ್ಟಿಕೊಂಡ್ರಿ” ಎಂದು ಹೇಳಿ ಹೋದ ಮೇಲೆ ಅವ್ವ ಒಂದು ದಿನ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಎಂದಳು: “ಪುಣ್ಯಾ ಎಲ್ಲಾರೂ ಕೊಡತಾರ. ಒಂದು ತಾಸು ನಿದ್ದಿ ಯಾರೂ ಕೊಡಂಗಿಲ್ಲ.”

ಅಪ್ಪನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಜಿಯೋಥೆರಪಿಯ ಹುಡುಗಿ ಒಂದು ಸಂಗತಿ ತಿಳಿಸಿದಳು. ಇಂಥ ಮನೆಗಳ ಹೆಂಗಸರು ಶನಿವಾರ ಸಂಜೆ ಒಂದೆಡೆ ಸೇರುತ್ತಾರೆ. ಕಲಾ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬ ಬಾಯಿಯವರು ಅವರಿಗೆ ಕಾಗದ, ಬಣ್ಣ ಕೊಟ್ಟು ಕೂರಿಸುತ್ತಾರೆ. ನಮ್ಮಣ್ಣ ಮತ್ತು ನಾನು ಪಾಳಿ ಹಾಕಿಕೊಂಡು ಶನಿವಾರ ನಾಲ್ಕರಿಂದ ಆರರವರೆಗೆ ಅಪ್ಪನ ಬಳಿ ಕೂತೆವು. ಅತ್ತಿಗೆ ಅವ್ವನನ್ನು ಕರೆದುಕೊಂಡು ಹೋದರು. ಮೊದಲನೆಯ ವಾರ ಅವ್ವ ಕಾಗದದ ಮೇಲೆ ರಂಗೋಲಿಯ ಚುಕ್ಕಿಗಳನ್ನು ಇಟ್ಟು ಹಾಗೆಯೇ ಬಿಟ್ಟು ಬಂದಳು. ಎರಡನೆಯ ವಾರ ಚುಕ್ಕಿಗಳು ಕೂಡಿಕೊಂಡವು. ನಾಲ್ಕನೆಯ ವಾರ ಒಂದು ಮಂಚ ಬರೆದಳು. ಕಾಗದದ ತುಂಬ ಮಂಚವೇ. ಮೂಲೆಯಲ್ಲಿ ಜೋಳದ ಕಾಳಿನಷ್ಟು ಒಬ್ಬ ಹೆಂಗಸು. ಬಾಯಿಯವರು ಚಿತ್ರ ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲವೆಂದೂ ಎನ್ನಲಿಲ್ಲ. “ಈಕೆ ಎಲ್ಲಿ ಮಲಗುತ್ತಾಳೆ?” ಎಂದಷ್ಟೇ ಕೇಳಿದರಂತೆ. “ಆಕೀಗೆ ಜಾಗಾನ ಇಲ್ಲಲ್ಲ” ಎಂದು ಹೇಳಿ ಅವ್ವ ಅತ್ತಳು.

ಆ ರಾತ್ರಿ ಊಟವಾದ ಮೇಲೆ ಅವ್ವ ಆ ಕಾಗದವನ್ನು ನಮ್ಮ ಮುಂದಿಟ್ಟಳು. ಮೂರು ವರ್ಷ ಮಾತಿನಲ್ಲಿ ಹೇಳದಿದ್ದುದನ್ನು ಕಾಗದದ ಮೇಲೆ ತೋರಿಸುವುದು ಆಕೆಗೆ ಸಾಧ್ಯವಾಯಿತು. ವಾರದಲ್ಲಿ ಮೂರು ರಾತ್ರಿ ಮಗ್ಗುಲು ಹೊರಳಿಸುವ ಕೆಲಸ ಅಂದಿನಿಂದ ಅಣ್ಣನದು ಮತ್ತು ನನ್ನದು. ಆ ಮೂರು ರಾತ್ರಿ ಅವ್ವ ಒಳಗಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ಪವಾಡವೇನೂ ನಡೆಯಲಿಲ್ಲ. ಅಪ್ಪ ಇಂದಿಗೂ ಹಾಸಿಗೆಯಲ್ಲಿಯೇ ಇದ್ದಾರೆ. ಅವ್ವನ ಮಂಡಿನೋವೂ ಇದೆ. ಆದರೆ ಆಕೆಯ ದನಿ ಮೊದಲಿನ ದನಿಯಾಗಿದೆ. ಅಪ್ಪನಿಗೆ ಗಂಜಿ ಕುಡಿಸುವಾಗ ಈಗ ಮತ್ತೆ ಅವರೊಡನೆ ಊರಿನ ಸುದ್ದಿ ಹೇಳುತ್ತಾಳೆ. ಅವರು ಕಣ್ಣಿನಿಂದ ನಗುತ್ತಾರೆ.

ಈ ಕಲಾ ಚಿಕಿತ್ಸೆ ಎಂಬುದು ಎಲ್ಲಿಂದ ಬಂತು? ಏಡ್ರಿಯನ್ ಹಿಲ್ ಎಂಬ ಇಂಗ್ಲಿಷ್ ಚಿತ್ರಕಾರರು 1938ರಲ್ಲಿ ಕ್ಷಯರೋಗದಿಂದ ಆರೋಗ್ಯಧಾಮವೊಂದನ್ನು ಸೇರಿದರು. ಹಾಸಿಗೆಯ ಮೇಲೆಯೇ ಕೂತು ಕಣ್ಣೆದುರಿನ ಸಾಮಾನುಗಳನ್ನು ಬರೆಯುತ್ತ, ಮನಸ್ಸಿಗೆ ಅದರಿಂದ ಆಗುವ ಉಪಕಾರವನ್ನು ಕಂಡುಕೊಂಡರು. ಆಮೇಲೆ ಇತರ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಬರೆಯಲು ಕಲಿಸಿದರು. 1942ರಲ್ಲಿ ಇದಕ್ಕೆ ಕಲಾ ಚಿಕಿತ್ಸೆ ಎಂಬ ಹೆಸರಿಟ್ಟವರು ಅವರೇ. ಅದೇ ಸುಮಾರಿಗೆ ಅಮೆರಿಕೆಯಲ್ಲಿ ಮಾರ್ಗರೆಟ್ ನಾಮ್‌ಬರ್ಗ್ ಎಂಬ ಮಹಿಳೆ, ಮಾತಿನಲ್ಲಿ ಹೊರಬರದುದು ಚಿತ್ರದಲ್ಲಿ ಬರುತ್ತದೆಂಬ ನಂಬಿಕೆಯಿಂದ ಮನೋರೋಗಿಗಳೊಡನೆ ಕೆಲಸ ಮಾಡುತ್ತಿದ್ದರು. ಮೊದಲು ಇದು ರೋಗಿಗಳಿಗಾಗಿಯೇ ಹುಟ್ಟಿತು. ರೋಗಿಯ ಮಂಚದ ಪಕ್ಕದಲ್ಲಿ ಕೂತವರ ಕಡೆಗೆ ದೃಷ್ಟಿ ಹರಿದುದು ತಡವಾಗಿ.

ನಮ್ಮ ದೇಶದಲ್ಲಿಯೂ ರೋಗಿಯ ಮನೆಯವರನ್ನು ಮರೆಯದಿದ್ದ ವೈದ್ಯರು ಇದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಅಲ್ಲಿಯೇ ಇರಿಸಿಕೊಂಡರು. ಅವರಿಗೂ ತಿಳಿವಳಿಕೆ ಕೊಟ್ಟು, ಅವರನ್ನು ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಚಿಕಿತ್ಸೆ ಒಬ್ಬರಿಗಲ್ಲ, ಇಡೀ ಮನೆಗೆ ಎಂಬ ಪಾಠ ಅಲ್ಲಿ ಅಷ್ಟು ಹಿಂದೆಯೇ ನಡೆದಿತ್ತು.

ಕಲೆಯಿಂದ ಉಪಯೋಗವಿದೆಯೆಂಬುದಕ್ಕೆ ಪುರಾವೆ ಏನು ಎಂದು ನೀವು ಕೇಳಬಹುದು, ಕೇಳಬೇಕು. ಅಮೆರಿಕೆಯ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಅವರೂ ಸಂಗಡಿಗರೂ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. 39 ಮಂದಿ ವಯಸ್ಕರು 45 ನಿಮಿಷ ಬಣ್ಣ, ಜೇಡಿಮಣ್ಣು, ಕತ್ತರಿಸಿದ ಚಿತ್ರಗಳಿಂದ ತಮಗೆ ತೋಚಿದುದನ್ನು ಮಾಡಿದರು. ಮನಸ್ಸಿನ ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸೋಲ್ ಎಂಬ ದ್ರವ್ಯವನ್ನು ಅವರ ಎಂಜಲಿನಲ್ಲಿ ಮೊದಲೂ ಆಮೇಲೂ ಅಳೆದರು. ನೂರಕ್ಕೆ ಸುಮಾರು 75 ಮಂದಿಯಲ್ಲಿ ಅದು ಇಳಿದಿತ್ತು. ಮೊದಲೇ ಚಿತ್ರ ಬರೆದು ಅಭ್ಯಾಸವಿದ್ದವರಿಗೂ ಇಲ್ಲದವರಿಗೂ ಇದರಲ್ಲಿ ಭೇದ ಕಾಣಲಿಲ್ಲ. 2019ರಲ್ಲಿ ಅವರೇ, ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ 34 ಮಂದಿಯ ಮೇಲೆ ಮಾಡಿದ ಇನ್ನೊಂದು ಅಧ್ಯಯನವನ್ನು ಪ್ರಕಟಿಸಿದರು. ಕೆಲವರು ಕಲಾ ಚಿಕಿತ್ಸಕರೊಡನೆ ಕೂತರು. ಕೆಲವರು ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬಿದರು. ಎರಡೂ ಗುಂಪಿನವರು ಒತ್ತಡ ತಗ್ಗಿತೆಂದು ತಿಳಿಸಿದರು.

ಸಾಲದ ಕಾಗದಕ್ಕೆ ಸಹಿ ಹಾಕಿಸುವ ಮೊದಲು ಷರತ್ತುಗಳನ್ನೂ ಓದಿ ಹೇಳುವುದು ನಮ್ಮ ಉದ್ಯೋಗದ ಪದ್ಧತಿ. ಆದುದರಿಂದ ಇಲ್ಲಿಯೂ ಹೇಳುತ್ತೇನೆ. ಇವು ಸಣ್ಣ ಪ್ರಯೋಗಗಳು. ಮೊದಲನೆಯದು ಆರೈಕೆ ಮಾಡುವವರ ಮೇಲೆ ನಡೆದುದಲ್ಲ; ಎರಡನೆಯದರಲ್ಲಿ ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿ, ಮನೆಯವರು ಕೆಲವರೇ. ಎರಡರಲ್ಲಿಯೂ ಅಳೆದುದು ಒಂದು ಸಲ ಕೂತೆದ್ದ ಮೇಲಿನ ಫಲವನ್ನು. ಬಣ್ಣದ ಪೆನ್ಸಿಲಿನಿಂದ ರೋಗಿಯ ಹೊರೆ ಒಂದು ತೊಲೆಯಷ್ಟೂ ಇಳಿಯುವುದಿಲ್ಲ. ಹೊರುವವರ ಹೆಗಲಿಗೆ ಸ್ವಲ್ಪ ವಿಶ್ರಾಂತಿ ದೊರೆಯುತ್ತದೆ. ಹೆಗಲು ಎಲ್ಲಿ ನೋಯುತ್ತಿದೆಯೆಂಬುದು ಹೊರುವವರಿಗೂ ಮನೆಯವರಿಗೂ ತಿಳಿಯುತ್ತದೆ. ಅಷ್ಟಾದರೂ ಸಣ್ಣ ಲಾಭವಲ್ಲ.

“ನಮಗೆ ಚಿತ್ರ ಬರೆಯಲು ಬರುವುದಿಲ್ಲ” ಎಂದು ನಮ್ಮ ತಾಯಂದಿರು ಹೇಳುವುದುಂಟು. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಸಾಗರದ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪುಗಳಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ. ರಂಗೋಲಿಯಂತೂ ಮನೆಮನೆಯ ಬಾಗಿಲಲ್ಲಿದೆ. ಇವರಲ್ಲಿ ಯಾರೂ ಚಿತ್ರಶಾಲೆಗೆ ಹೋಗಿ ಕಲಿತು ಬಂದವರಲ್ಲ. ಬರುವುದಿಲ್ಲವೆಂಬ ಮಾತು ನಮ್ಮವರ ಬಾಯಲ್ಲಿ ಶೋಭಿಸುವುದಿಲ್ಲ.

ಆದರೆ ಒಂದು ಎಚ್ಚರ. ಬೆಳಿಗ್ಗೆ ಐದಕ್ಕೆ ಎದ್ದು, ಹಾಲು ಕಾಯಿಸುವುದಕ್ಕೆ ಮುಂಚೆ ಅವಸರದಲ್ಲಿ ಹಾಕುವ ರಂಗೋಲಿ ವಿಶ್ರಾಂತಿಯಾಗಲಾರದು. ಅದೂ ಒಂದು ಕೆಲಸವೇ. ಯಾರೂ ಹೇಳದೆ, ಯಾರಿಗಾಗಿಯೂ ಅಲ್ಲದೆ, ತನಗಾಗಿ ಮಾಡಿದುದು ಮಾತ್ರ ಮನಸ್ಸಿಗೆ ತಂಪು. ಆರೈಕೆ ಮಾಡುವವರ ಕೈ ಇಡೀ ದಿನ ಇನ್ನೊಬ್ಬರ ದೇಹಕ್ಕಾಗಿ ದುಡಿಯುತ್ತದೆ. ಒಂದು ತಾಸಾದರೂ ಆ ಕೈ ತನ್ನ ಇಷ್ಟದಂತೆ ಆಡಬೇಕು.

ಮನೆಯಲ್ಲಿ ಇದನ್ನು ನಡೆಸುವುದಕ್ಕೆ ಖರ್ಚು ಹೆಚ್ಚಿಲ್ಲ. ಮಕ್ಕಳ ಚಿತ್ರದ ಪುಸ್ತಕ, ಬಣ್ಣದ ಪೆನ್ಸಿಲು, ಹಳೆಯ ಕ್ಯಾಲೆಂಡರಿನ ಬೆನ್ನು ಸಾಕು. ವಾರಕ್ಕೊಮ್ಮೆ ಮುಕ್ಕಾಲು ತಾಸು ಗೊತ್ತುಮಾಡಿಕೊಳ್ಳಿ. ಆ ವೇಳೆಯಲ್ಲಿ ರೋಗಿಯ ಬಳಿ ಬೇರೊಬ್ಬರು ಕೂತಿರಬೇಕು, “ಔಷಧಿ ಎಲ್ಲಿದೆ?” ಎಂದು ಕೂಗಿ ಕೇಳಕೂಡದು. ಬರೆದುದನ್ನು ಅವರಾಗಿ ತೋರಿಸದೆ ನೋಡಕೂಡದು. ತೋರಿಸಿದರೆ “ಇದು ಏನು? ಕುದುರೆಯೆ?” ಎಂದು ನಗಕೂಡದು. ಹೊಗಳುವುದೂ ಬೇಡ, ಗೋಡೆಗೆ ತೂಗುಹಾಕುವುದೂ ಬೇಡ, ಬಹುಮಾನದ ಸ್ಪರ್ಧೆಯಂತೂ ಬೇಡವೇ ಬೇಡ. ಹರಿದುಹಾಕಬೇಕೆನಿಸಿದರೆ ಹರಿದುಹಾಕಲಿ. ಗಂಡಸರು ಆರೈಕೆ ಮಾಡುತ್ತಿರುವ ಮನೆಗಳಲ್ಲಿಯೂ ಇದೇ ನಿಯಮ. ಕಾಗದ ಹಿಡಿಯಲು ಸಂಕೋಚಪಡುವವರು ಮರ ಕೆತ್ತಲಿ, ಮಣ್ಣಿನ ಗಣಪತಿ ಮಾಡಲಿ.

ಹೀಗೆ ಮನೆಯಲ್ಲಿ ಬರೆಯುವುದು ಬೇರೆ, ತರಬೇತಿ ಪಡೆದವರು ನಡೆಸುವ ಕಲಾ ಚಿಕಿತ್ಸೆ ಬೇರೆ. ಚಿತ್ರ ಬರೆಯುವಾಗ ಒಳಗಿನ ದುಃಖ ಒಮ್ಮೆಲೇ ಮೇಲೆ ಬಂದರೆ ಅದನ್ನು ಬಲ್ಲವರು ಜೊತೆಗಿರುವುದು ಒಳ್ಳೆಯದು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ, ಬಣ್ಣದ ಪೆಟ್ಟಿಗೆಯನ್ನು ನೆಚ್ಚಿಕೊಂಡು ಕೂಡದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯುಂಟು. ಸಂಖ್ಯೆ 14416. ಹಗಲಿರುಳೂ ನಡೆಯುತ್ತದೆ, ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಅದರಲ್ಲಿದೆ. ಈ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಇನ್ನು, ಇದಕ್ಕೂ ನಮ್ಮ ಕನ್ನಡ ಸಂಘಕ್ಕೂ ಏನು ಸಂಬಂಧ? ಸಂಬಂಧವಿದೆ. ಊರಿನಲ್ಲಿದ್ದರೆ ಓಣಿಯವರು ಯಾರಾದರೂ ಬಂದು ಒಂದು ತಾಸು ಕೂಡುತ್ತಿದ್ದರು. ಇಲ್ಲಿ ಅಕ್ಕತಂಗಿಯರು ಒಬ್ಬರು ಡೊಂಬಿವಲಿಯಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ. ಮಕ್ಕಳು ಎಷ್ಟೋ ದೂರದಲ್ಲಿ. ಸಂಬಳ ಕೊಟ್ಟು ದಾದಿಯನ್ನು ಇಟ್ಟುಕೊಳ್ಳುವ ಶಕ್ತಿಯಿರುವವರಿಗೂ ಇನ್ನೊಂದು ತೊಡಕುಂಟು. ಮರೆವಿನ ರೋಗ ಬಂದ ಹಿರಿಯರು ಎಷ್ಟೋ ವೇಳೆ ಆಮೇಲೆ ಕಲಿತ ಭಾಷೆಗಳನ್ನು ಮರೆತು ಬಾಲ್ಯದ ಭಾಷೆಗೆ ಮರಳುತ್ತಾರೆ. ನಲವತ್ತು ವರ್ಷ ಮರಾಠಿ, ಹಿಂದಿಗಳಲ್ಲಿ ವ್ಯವಹಾರ ಮಾಡಿದ ಅಜ್ಜ ಈಗ ನೀರು ಬೇಕೆಂಬುದನ್ನೂ ಕನ್ನಡದಲ್ಲಿ ಮಾತ್ರ ಕೇಳುತ್ತಾನೆ. ದಾದಿಗೆ ಅದು ತಿಳಿಯುವುದಿಲ್ಲ. ಆದುದರಿಂದ ಅಜ್ಜಿ ಮನೆ ಬಿಟ್ಟು ಕದಲುವ ಹಾಗಿಲ್ಲ. ಆಕೆಯನ್ನು ಎರಡು ತಾಸು ಬಿಡಿಸಬಲ್ಲವರು ಈ ನಗರದಲ್ಲಿ ಯಾರು? ಕನ್ನಡ ಬಲ್ಲ ನಾವು.

ನನ್ನ ಸೂಚನೆ ಇಷ್ಟು. ತಿಂಗಳಿಗೆ ಒಂದು ಭಾನುವಾರ ಮಧ್ಯಾಹ್ನ ನಮ್ಮ ಸಂಘದ ಕೋಣೆಯನ್ನು ಆರೈಕೆ ಮಾಡುವವರಿಗಾಗಿ ಬಿಟ್ಟುಕೊಡೋಣ. ಕಾಗದ, ಬಣ್ಣ, ಚಹಾ ಸಂಘದ ಖರ್ಚು. ಸಾಧ್ಯವಾದರೆ ಕಲಾ ಚಿಕಿತ್ಸೆ ಕಲಿತವರೊಬ್ಬರನ್ನು ಕರೆಸೋಣ. ಅದಕ್ಕಿಂತ ಮುಖ್ಯವಾದುದು, ಆ ಮಧ್ಯಾಹ್ನ ರೋಗಿಯ ಮನೆಗೆ ಹೋಗಿ ಕೂಡುವ ಸ್ವಯಂಸೇವಕರ ಪಟ್ಟಿ. ಒಂದೊಂದು ಮನೆಗೆ ಇಬ್ಬರು. ಔಷಧಿಯ ವೇಳೆ, ಡಾಕ್ಟರರ ದೂರವಾಣಿ ಸಂಖ್ಯೆಗಳನ್ನು ಮೊದಲೇ ಬರೆದುಕೊಂಡು ಹೋಗಬೇಕು. ಪಟ್ಟಿಯಿಲ್ಲದೆ ಕೋಣೆ ತೆರೆದರೆ ಖಾಲಿ ಕುರ್ಚಿಗಳು ಮಾತ್ರ ಉಳಿದಾವು. ಬರಬೇಕಾದವರು ಮನೆಯಲ್ಲಿ ಮಂಚದ ಬಳಿಯೇ ಇರುತ್ತಾರೆ. ಪಟ್ಟಿಯ ಮೊದಲ ಸಾಲಿನಲ್ಲಿ ಅಣ್ಣನ ಮತ್ತು ನನ್ನ ಹೆಸರನ್ನು ಬರೆದು ತಂದಿದ್ದೇನೆ. ಕಾಗದವನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಅದರಲ್ಲಿ ಇನ್ನೂ ಬಹಳ ಜಾಗವಿದೆ.

ರಾಜ್ಯೋತ್ಸವದಲ್ಲಿ ನಾವು ತಾಯಿ ಭುವನೇಶ್ವರಿಗೆ ಹೂಮಾಲೆ ಹಾಕುತ್ತೇವೆ, ಹಾಕೋಣ. ಅದೇ ದಿನ ಈ ಸಭೆಗೆ ಬರಲಾಗದೆ ಮನೆಯಲ್ಲಿ ಉಳಿದ ತಾಯಂದಿರು ಯಾರು ಯಾರು ಎಂಬುದನ್ನೂ ಒಮ್ಮೆ ಎಣಿಸಿ ನೋಡೋಣ. ಅವರನ್ನು ಹೊಗಳುವುದು ಬೇಡ; ಹೋಗಿ ಬಾಗಿಲು ತಟ್ಟಿ, “ನೀವು ಹೋಗಿ ಬನ್ನಿ, ಅಲ್ಲಿಯವರೆಗೆ ನಾವು ಇಲ್ಲಿ ಕೂತಿರುತ್ತೇವೆ” ಎನ್ನೋಣ.